ಕೋಲಾರ ಜಿಲ್ಲೆಯಿಂದ ಒಬ್ಬರೇ ಕನ್ನಡ ಪಾಡ್‌ಕಾಸ್ಟ್ ನಡೆಸಲು ಹೊರಟವರು ಮೊದಲು ಯಾವುದನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಕು?

ಶ್ರೀನಿವಾಸಪುರದ ಮಾವಿನ ತೋಟಗಳನ್ನೂ ಅಲ್ಲಿನ ಹಿರಿಯ ಬೇಸಾಯಗಾರರ ಅನುಭವವನ್ನೂ ಕುರಿತು ಕನ್ನಡದಲ್ಲಿ ಪಾಡ್‌ಕಾಸ್ಟ್ ಆರಂಭಿಸಬೇಕೆಂದಿರುವುದಾಗಿ ಬರೆದಿದ್ದೀರಿ. ಆ್ಯಪ್‌ಗಳು ಒಂದೊಂದಾಗಿ ಮುಚ್ಚುತ್ತ, ಉಳಿದವರೆಲ್ಲ ವಿಡಿಯೊ ಕಡೆಗೆ ಹೊರಳಿರುವ ಈ ಹೊತ್ತಿನಲ್ಲಿ ಬರಿಯ ಧ್ವನಿಗೆ ಬೆಲೆ ಉಂಟೇ, ಎಲ್ಲಿಂದ ಪ್ರಕಟಿಸಬೇಕು, ಹಣ ಬರುತ್ತದೆಯೇ, ತೆಲುಗು ಬೆರೆತ ನಮ್ಮ ಕಡೆಯ ಕನ್ನಡವನ್ನು ಕೇಳಿ ಜನ ನಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಕೋಲಾರ ನಗರದಲ್ಲಿದ್ದು, ಐದು ವರ್ಷಗಳಿಂದ ಜಿಲ್ಲೆಯ ಕೆರೆಗಳ ಕುರಿತು ಪಾಡ್‌ಕಾಸ್ಟ್ ನಡೆಸುತ್ತಿದ್ದೇನೆ. ಧ್ವನಿಮುದ್ರಣ, ಸಂಕಲನ, ಪ್ರಕಟಣೆ ಎಲ್ಲವೂ ನನ್ನೊಬ್ಬನದೇ ಕೆಲಸ. ಇದೇ ನನ್ನ ಜೀವನೋಪಾಯವಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಮೈಕ್ ಯಾವುದೆಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಡಿ. ಮೊದಲು ಯೋಚಿಸಬೇಕಾದದ್ದು ನಿಮ್ಮ ಆರ್‌ಎಸ್‌ಎಸ್ ಫೀಡ್ ಯಾರ ಹಿಡಿತದಲ್ಲಿರುತ್ತದೆ ಎಂಬುದನ್ನು. ಫೀಡ್ ಎಂದರೆ ಒಂದು ಸಾದಾ ಪಠ್ಯದ ಫೈಲ್. ಪ್ರತಿ ಸಂಚಿಕೆಯ ಹೆಸರು, ದಿನಾಂಕ, ವಿವರಣೆ, ಧ್ವನಿ ಫೈಲ್ ಇರುವ ವಿಳಾಸ ಮತ್ತು ಎಂದೂ ಬದಲಾಗಬಾರದ ಒಂದು ಗುರುತು ಸಂಖ್ಯೆ ಅದರಲ್ಲಿರುತ್ತವೆ. ಕೇಳುಗರ ಆ್ಯಪ್‌ಗಳು ಆಗಾಗ ಬಂದು ಈ ಫೈಲನ್ನು ಓದಿಕೊಂಡು ಹೋಗುತ್ತವೆ, ಅಷ್ಟೇ. 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್ಸ್ಲಿ ‘ಪಾಡ್‌ಕಾಸ್ಟಿಂಗ್’ ಎಂಬ ಪದವನ್ನು ಬಳಸಿದಾಗಲೂ, 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್‌ಗಳನ್ನು ಸೇರಿಸಿದಾಗಲೂ ವ್ಯವಸ್ಥೆಯ ಬೇರು ಇದೇ ಆಗಿತ್ತು, ಇಂದಿಗೂ ಬದಲಾಗಿಲ್ಲ. ನಮ್ಮ ಕಡೆಯ ಕೆರೆಗಳಲ್ಲಿ ತೂಬು ಎತ್ತುವುದೂ ಇಳಿಸುವುದೂ ನೀರುಗಂಟಿಯ ಕೆಲಸವಾಗಿತ್ತಲ್ಲ, ಫೀಡ್ ಇರುವವನು ತನ್ನ ಕಾರ್ಯಕ್ರಮಕ್ಕೆ ತಾನೇ ನೀರುಗಂಟಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ವರ್ಷ ಉಚಿತವಾಗಿ ಸಿಗುತ್ತದೆಂದು ಒಂದು ಆ್ಯಪ್‌ನಲ್ಲಿ ನೇರವಾಗಿ ಮಾತು ಮುದ್ರಿಸಿ ಅಲ್ಲಿಯೇ ಪ್ರಕಟಿಸುತ್ತಿದ್ದೆ. ಒಂದು ದಿನ ಆ ಸೇವೆ ನಿಂತುಹೋಯಿತು. ಮುಂಚಿತವಾಗಿ ಮಿಂಚಂಚೆ ಬಂದಿತ್ತಂತೆ, ನಾನು ನೋಡಿರಲಿಲ್ಲ. ಹನ್ನೊಂದು ಸಂಚಿಕೆಗಳು ಹೋದವು. ಅವುಗಳಲ್ಲಿ ಎರಡರಲ್ಲಿ ಮಾತನಾಡಿದ ಹಿರಿಯರು ಈಗಿಲ್ಲ. ಇದು ಸಣ್ಣ ಸಂಸ್ಥೆಗಳಿಗಷ್ಟೇ ಸೀಮಿತವಾದ ಅಪಾಯವಲ್ಲ. ಪಾಡ್‌ಕಾಸ್ಟ್ ಕೇಳುವ ಆ್ಯಪ್‌ಗಳಲ್ಲಿ ಸ್ಟಿಚರ್ 2023ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ನಿಂತಿತು. ಪಾಡ್‌ಕಾಸ್ಟ್ ಮುದ್ರಿಸಿ ಪ್ರಕಟಿಸುವ ಸೇವೆಯಾದ ಆ್ಯಂಕರ್ ಅನ್ನು ಸ್ಪಾಟಿಫೈ 2019ರಲ್ಲಿ ಕೊಂಡು, 2023ರಲ್ಲಿ ಅದರ ಹೆಸರನ್ನು ‘ಸ್ಪಾಟಿಫೈ ಫಾರ್ ಪಾಡ್‌ಕಾಸ್ಟರ್ಸ್’ ಎಂದೂ ಮರುವರ್ಷ ‘ಸ್ಪಾಟಿಫೈ ಫಾರ್ ಕ್ರಿಯೇಟರ್ಸ್’ ಎಂದೂ ಬದಲಿಸಿತು. ಆದರೆ ಗಮನಿಸಿ: ಸ್ಟಿಚರ್ ಮತ್ತು ಗೂಗಲ್ ಮುಚ್ಚಿದಾಗ, ಸ್ವಂತ ಫೀಡ್ ಇದ್ದವರು ಸಂಚಿಕೆಗಳನ್ನು ಕಳೆದುಕೊಳ್ಳಲಿಲ್ಲ, ಅವರು ಕಳೆದುಕೊಂಡದ್ದು ಕೇಳುಗರು ಬರುತ್ತಿದ್ದ ಒಂದು ದಾರಿಯನ್ನು ಮಾತ್ರ.

ಆದ್ದರಿಂದ ಹೋಸ್ಟಿಂಗ್ ಸೇವೆಯನ್ನು, ಅಂದರೆ ನಿಮ್ಮ ಧ್ವನಿ ಫೈಲ್‌ಗಳನ್ನು ಇಟ್ಟುಕೊಂಡು ಫೀಡ್ ತಯಾರಿಸಿಕೊಡುವವರನ್ನು, ಆರಿಸುವಾಗ ಮೂರು ಸಂಗತಿಗಳನ್ನು ವಿಚಾರಿಸಿಕೊಳ್ಳಿ. ಫೀಡ್‌ನ ವಿಳಾಸವನ್ನು ನಿಮಗೆ ಕೊಡುತ್ತಾರೆಯೇ. ಉಚಿತ ಸೇವೆಗಳಲ್ಲಿ ಕೆಲವೊಮ್ಮೆ ನಾವೇ ಹುಡುಕಿ ಅದನ್ನು ಚಾಲೂ ಮಾಡಬೇಕಾಗುತ್ತದೆ. ನೀವು ಬಿಟ್ಟು ಹೋಗುವಾಗ 301 ಎಂಬ ಶಾಶ್ವತ ಮರುನಿರ್ದೇಶನವನ್ನು ಹಾಕಿಕೊಡುತ್ತಾರೆಯೇ. ಹಳೆಯ ವಿಳಾಸಕ್ಕೆ ಬಂದ ಆ್ಯಪ್‌ಗಳನ್ನು ಹೊಸ ವಿಳಾಸಕ್ಕೆ ಕಳುಹಿಸುವುದು ಅದೇ, ಮತ್ತು ಕನಿಷ್ಠ ನಾಲ್ಕು ವಾರ ಅದು ಇರಬೇಕೆಂದು ಆ್ಯಪಲ್ ಹೇಳುತ್ತದೆ. ಸ್ಥಳಾಂತರದ ಸಮಯದಲ್ಲಿ ಸಂಚಿಕೆಗಳ ಗುರುತು ಸಂಖ್ಯೆ ಹಾಗೆಯೇ ಉಳಿಯುತ್ತದೆಯೇ ಎಂಬುದು ಮೂರನೆಯದು. ಅದು ಬದಲಾದರೆ ಹಳೆಯ ಸಂಚಿಕೆಗಳೆಲ್ಲ ಹೊಸದೆಂಬಂತೆ ಕೇಳುಗರ ಫೋನಿನಲ್ಲಿ ಮತ್ತೆ ಕಾಣಿಸಿಕೊಂಡು ಅವರಿಗೆ ಬೇಸರವಾಗುತ್ತದೆ. ಇದರ ಜೊತೆಗೆ, ಸಂಕಲನ ಮಾಡದ ಮೂಲ ಧ್ವನಿಯನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡಿ. ಫೀಡ್‌ನಲ್ಲಿ ಭಾಷೆ ಎಂಬ ಜಾಗದಲ್ಲಿ ಕನ್ನಡವನ್ನೇ ಆರಿಸಿ; ಎಷ್ಟೋ ಕನ್ನಡ ಕಾರ್ಯಕ್ರಮಗಳು ಅಲ್ಲಿ ಇಂಗ್ಲಿಷ್ ಎಂದೇ ಬಿಟ್ಟಿರುವುದನ್ನು ಕಂಡಿದ್ದೇನೆ.

ಇನ್ನು ವಿಡಿಯೊದ ಮಾತು. ತನ್ನಲ್ಲಿ ಪಾಡ್‌ಕಾಸ್ಟ್ ನೋಡುವ, ಕೇಳುವವರ ಸಂಖ್ಯೆ ತಿಂಗಳಿಗೆ 100 ಕೋಟಿ ದಾಟಿದೆ ಎಂದು ಯೂಟ್ಯೂಬ್ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಸ್ಪಾಟಿಫೈ ಕೂಡ ಅದೇ ವರ್ಷದ ಜನವರಿಯಲ್ಲಿ ವಿಡಿಯೊಗೆ ಒತ್ತು ಕೊಟ್ಟ ತನ್ನ ಪಾಲುದಾರಿಕೆ ಯೋಜನೆಯನ್ನು ಅಮೆರಿಕ, ಬ್ರಿಟನ್, ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಆರಂಭಿಸಿತು. ಹಾಗಾಗಿ ಯೂಟ್ಯೂಬ್ ಬೇಡವೆಂದು ನಾನು ಹೇಳಲಾರೆ. ನಮ್ಮ ಹಳ್ಳಿಗಳಲ್ಲಿ ‘ಪಾಡ್‌ಕಾಸ್ಟ್ ಎಲ್ಲಿ ಸಿಗುತ್ತದೆ’ ಎಂದರೆ ಮೊದಲು ತೆರೆಯುವುದು ಅದನ್ನೇ. ಆದರೆ ತೋಟದಲ್ಲಿ ಮಾತನಾಡುವ ರೈತರ ಮುಂದೆ ಕ್ಯಾಮೆರಾ ಇಟ್ಟ ಕ್ಷಣವೇ ಅವರು ಶರ್ಟು ಬದಲಿಸಲು ಒಳಗೆ ಹೋಗುತ್ತಾರೆ, ಹೊರಬಂದ ಮೇಲೆ ಭಾಷಣದ ಕನ್ನಡ ಮಾತನಾಡುತ್ತಾರೆ. ನಿಮ್ಮ ವಿಷಯಕ್ಕೆ ಧ್ವನಿಯೇ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಯೂಟ್ಯೂಬ್ ಸ್ಟುಡಿಯೊದಲ್ಲಿ ನಿಮ್ಮ ಫೀಡ್‌ನ ವಿಳಾಸವನ್ನು ಕೊಟ್ಟರೆ, ಅದು ಮುಖಚಿತ್ರವನ್ನಿಟ್ಟು ಪ್ರತಿ ಸಂಚಿಕೆಯನ್ನೂ ತಾನೇ ವಿಡಿಯೊ ಮಾಡಿಕೊಳ್ಳುತ್ತದೆ. ಹೀಗೆ ಮಾಡುವಾಗ ಅದು ಧ್ವನಿಯ ಪ್ರತಿಯನ್ನು ತನ್ನಲ್ಲೇ ಇಟ್ಟುಕೊಳ್ಳುವುದರಿಂದ ಅಲ್ಲಿ ಕೇಳಿದವರ ಲೆಕ್ಕ ನಿಮ್ಮ ಹೋಸ್ಟಿಂಗ್‌ನ ಅಂಕಿಗಳಲ್ಲಿ ಸೇರುವುದಿಲ್ಲ. ಸ್ಪಾಟಿಫೈಗೆ ಪ್ರತ್ಯೇಕವಾಗಿ ವಿಡಿಯೊ ಏರಿಸಿದರೂ ಇದೇ ಆಗುತ್ತದೆ. ಎರಡು ಕಡೆಯ ಲೆಕ್ಕವನ್ನೂ ಕೂಡಿಸಿಕೊಳ್ಳುವುದು ನಿಮ್ಮ ಕೆಲಸ.

ಅಂಕಿಗಳ ಬಗ್ಗೆ ಹೇಳುವುದಾದರೆ, ಡೌನ್‌ಲೋಡ್ ಎಂದರೆ ಕೇಳಿದರು ಎಂದಲ್ಲ. ಜಾಹೀರಾತು ಉದ್ಯಮದ ಸಂಸ್ಥೆಯಾದ ಐಎಬಿ ರೂಪಿಸಿದ ಅಳತೆಯ ಪ್ರಕಾರ ಕನಿಷ್ಠ ಒಂದು ನಿಮಿಷದಷ್ಟು ಧ್ವನಿ ಇಳಿದಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ, ಮತ್ತು ಒಂದೇ ಸಾಧನದಿಂದ 24 ಗಂಟೆಗಳೊಳಗೆ ಎಷ್ಟು ಸಲ ಇಳಿಸಿಕೊಂಡರೂ ಒಂದೇ ಎಂದು ಎಣಿಕೆಯಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ, ಐಫೋನ್ ನಡೆಸುವ ತಂತ್ರಾಂಶವಾದ ಐಒಎಸ್ 17ರಲ್ಲಿ, ನಡುವೆ ಕೇಳುವುದನ್ನು ಬಿಟ್ಟು ಮರಳಿದವರ ಫೋನಿಗೆ ಹಿಂದಿನ ಸಂಚಿಕೆಗಳನ್ನೆಲ್ಲ ತಾನಾಗಿಯೇ ಇಳಿಸುವುದನ್ನು ಆ್ಯಪಲ್ ನಿಲ್ಲಿಸಿದಾಗ, ದೊಡ್ಡ ದೊಡ್ಡ ಕಾರ್ಯಕ್ರಮಗಳ ಅಂಕಿಗಳೇ ಕುಸಿದವು. ಕೇಳುವವರು ಮೊದಲಿನಷ್ಟೇ ಇದ್ದರು. ಆದ್ದರಿಂದ ತಿಂಗಳ ಒಟ್ಟು ಮೊತ್ತಕ್ಕಿಂತ, ಒಂದು ಸಂಚಿಕೆ ಪ್ರಕಟವಾದ ಮೊದಲ 7 ದಿನಗಳಲ್ಲಿ ಎಷ್ಟು ಮಂದಿ ಪಡೆದರು ಮತ್ತು ಎಲ್ಲಿಯವರೆಗೆ ಕೇಳಿ ಬಿಟ್ಟರು ಎಂಬುದನ್ನು ನೋಡಿ. ನನ್ನ ಕೇಳುಗರು ಮೂರನೆಯ ನಿಮಿಷದಲ್ಲಿ ಎದ್ದು ಹೋಗುತ್ತಿದ್ದರು. ಕಾರಣ ಹುಡುಕಿದರೆ, ಅಲ್ಲಿಯವರೆಗೂ ನಾನು ಸ್ವಾಗತ ಕೋರುತ್ತಲೇ ಇದ್ದೆ!

ಹಣದ ವಿಚಾರವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಯೂಟ್ಯೂಬ್ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ ಬೇಕು. ಸ್ಥಿರಚಿತ್ರವಿಟ್ಟ ಧ್ವನಿಗೆ ಇದು ಬೇಗ ಕೈಗೂಡುವುದಿಲ್ಲ. ನನ್ನ ಖರ್ಚು ಗಿಟ್ಟಿದ್ದು ಊರಿನಿಂದಲೇ. ಬಿತ್ತನೆ ಬೀಜದ ಅಂಗಡಿಯವರೊಬ್ಬರು ವರ್ಷಕ್ಕಿಷ್ಟು ಎಂದು ಕೊಡುತ್ತಾರೆ, ನಾನು ಪ್ರತಿ ಸಂಚಿಕೆಯ ನಡುವೆ ಅವರ ಹೆಸರನ್ನು ನನ್ನದೇ ಮಾತಿನಲ್ಲಿ ಹೇಳುತ್ತೇನೆ. ದೊಡ್ಡ ಜಾಹೀರಾತುದಾರರಿಗೆ ಲಕ್ಷ ಕೇಳುಗರು ಬೇಕು, ಸಸಿ ಮಾರುವ ನರ್ಸರಿಗೆ ನಿಮ್ಮ ತಾಲ್ಲೂಕಿನ ಮುನ್ನೂರು ಮಾವು ಬೆಳೆಗಾರರು ಸಾಕು. ಆದರೆ ಅದು ಹಣ ಪಡೆದು ಹೇಳುವ ಮಾತು ಎಂಬುದನ್ನು ಕೇಳುಗರಿಗೆ ಸ್ಪಷ್ಟವಾಗಿ ತಿಳಿಸಲೇಬೇಕು. ಊರಿನವರೇ ಊರಿನ ಮಾತನ್ನು ಪ್ರಸಾರ ಮಾಡುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಪೂರ್ವಪರಂಪರೆಯೂ ಇದೆ. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಪರವಾನಗಿ ಸಿಗತೊಡಗಿದ್ದು 2006ರ ನೀತಿಯ ನಂತರ; ಅದಕ್ಕೂ ಮುಂಚೆಯೇ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಟಿವಿ ಕೇಬಲ್ ತಂತಿಯ ಮೂಲಕ ಮನೆಮನೆಗೆ ತಮ್ಮೂರಿನ ಕಾರ್ಯಕ್ರಮಗಳನ್ನು ತಲುಪಿಸಿದರು. ಪರವಾನಗಿಗೆ ಕಾಯದೆ ತಂತಿ ಹಿಡಿದವರ ಆ ಬುದ್ಧಿವಂತಿಕೆ ನನಗೆ ಈಗಲೂ ಮೆಚ್ಚುಗೆ.

ಮುದ್ರಣದ ಸಲಹೆಗಳಿಗೆ ಬರುತ್ತೇನೆ. ಮನೆಯಲ್ಲಿ ಸದ್ದಡಗಿದ ಕೋಣೆಯಿಲ್ಲದಿದ್ದರೆ, ಸುತ್ತಲ ಶಬ್ದವನ್ನೆಲ್ಲ ಹೀರಿಕೊಳ್ಳುವ ಕಂಡೆನ್ಸರ್ ಮೈಕ್‌ಗಿಂತ ಹತ್ತಿರದ ಧ್ವನಿಯನ್ನಷ್ಟೇ ಹಿಡಿಯುವ ಡೈನಮಿಕ್ ಮೈಕ್ ಒಳ್ಳೆಯದು; ಕಂಪ್ಯೂಟರಿಗೆ ನೇರವಾಗಿ ಜೋಡಿಸುವ ಯುಎಸ್‌ಬಿ ಮತ್ತು ಮಿಕ್ಸರ್‌ನಂಥ ಸಾಧನಗಳಿಗೆ ಜೋಡಿಸುವ ಎಕ್ಸ್‌ಎಲ್‌ಆರ್ ಎರಡೂ ಇರುವಂಥದ್ದನ್ನು ಕೊಂಡರೆ ಮುಂದೆ ಬದಲಿಸಬೇಕಾಗುವುದಿಲ್ಲ. ಬಾಯಿಗೂ ಮೈಕ್‌ಗೂ ಅರ್ಧ ಗೇಣಿನ ಅಂತರವಿರಲಿ, ಮೈಕ್ ಬಾಯಿಯ ನೇರಕ್ಕಿರದೆ ಸ್ವಲ್ಪ ಓರೆಯಾಗಿರಲಿ. ಕನ್ನಡದಲ್ಲಿ ‘ಫಲ’, ‘ಭೂಮಿ’, ‘ಪಸಲು’ ಎನ್ನುವಾಗ ಹೊರಡುವ ಗಾಳಿಯ ಹೊಡೆತವನ್ನು ಸಂಕಲನದಲ್ಲಿ ತೆಗೆಯುವುದು ಬಹಳ ಕಷ್ಟ, ಮಾವಿನ ವಿಷಯ ಮಾತನಾಡುವ ನಿಮಗೆ ಈ ಪದಗಳು ಪ್ರತಿ ವಾಕ್ಯಕ್ಕೂ ಬರುತ್ತವೆ. ಖಾಲಿ ಗೋಡೆಯ ಕೋಣೆಗಿಂತ ಬಟ್ಟೆ ತುಂಬಿದ ಬೀರುವನ್ನು ತೆರೆದಿಟ್ಟು ಅದರ ಎದುರು ಕುಳಿತರೆ ಪ್ರತಿಧ್ವನಿ ಎಷ್ಟೋ ಕಡಿಮೆಯಾಗುತ್ತದೆ. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ (ಮತ್ತೆ ಹಾಕುವುದನ್ನು ಮರೆಯದಿರಲು ಮನೆಯ ಬೀಗದ ಕೈಯನ್ನು ಅದರೊಳಗೆ ಇಡುವುದು ನನ್ನ ಪದ್ಧತಿ). ಕರೆಂಟು ಹೋಗಿ ಇನ್ವರ್ಟರ್ ಮೇಲಿದ್ದಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಅದರ ಬ್ಯಾಟರಿಯಲ್ಲೇ ಮುದ್ರಿಸಿ. ಇಲ್ಲವಾದರೆ ‘ಗುಂಯ್’ ಎಂಬ ಸದ್ದು ಧ್ವನಿಯೊಳಗೆ ಕುಳಿತುಬಿಡುತ್ತದೆ. ಯಾವ ಜಾಗದಲ್ಲಿ ಮುದ್ರಿಸಿದರೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರಿಯ ಆ ಜಾಗದ ಸದ್ದನ್ನು ಮುದ್ರಿಸಿಕೊಳ್ಳಿ. ಕತ್ತರಿಸಿದ ಕಡೆಗಳಲ್ಲಿ ಅದನ್ನು ತುಂಬಿದರೆ ಹೊಲಿಗೆ ಕಾಣುವುದಿಲ್ಲ.

ಸಂಕಲನಕ್ಕೆ ಉಚಿತ ತಂತ್ರಾಂಶವಾದ ಆಡಾಸಿಟಿ ಸಾಕು. ಧ್ವನಿಯ ಒಟ್ಟು ಪ್ರಮಾಣವನ್ನು ಆ್ಯಪಲ್ ಸೂಚಿಸುವಂತೆ ಮೈನಸ್ 16 ಎಲ್‌ಯುಎಫ್‌ಎಸ್ (ಧ್ವನಿ ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬುದರ ಅಳತೆ) ಆಸುಪಾಸಿನಲ್ಲಿಡಿ. ಮಾತಿನ ಕಾರ್ಯಕ್ರಮವಾದ್ದರಿಂದ ಮೋನೊದಲ್ಲಿ (ಎಡಬಲ ಎಂದು ಬೇರ್ಪಡಿಸದ ಒಂದೇ ಧ್ವನಿಯಾಗಿ) 64 ಕೆಬಿಪಿಎಸ್ ಎಂಪಿ3 ಮಾಡಿದರೆ ಅರ್ಧ ಗಂಟೆಯ ಸಂಚಿಕೆ ಸುಮಾರು 14 ಎಂಬಿಯಾಗುತ್ತದೆ. ನನ್ನ ಕೇಳುಗರಲ್ಲಿ ಬಹಳಷ್ಟು ಮಂದಿ ಬಂಗಾರಪೇಟೆ, ಮಾಲೂರಿನಿಂದ ರೈಲಿನಲ್ಲಿ ದಿನವೂ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು. ನೆಟ್‌ವರ್ಕ್ ಹೋಗಿ ಬರುವ ದಾರಿಯಲ್ಲಿ ಸಣ್ಣ ಫೈಲ್ ಅವರಿಗೆ ದೊಡ್ಡ ಉಪಕಾರ. ಮುಖಚಿತ್ರ ಚೌಕಾಕಾರವಾಗಿ 3000 ಪಿಕ್ಸೆಲ್ ಅಗಲವಿರಲಿ, ಫೋನಿನಲ್ಲಿ ಅದು ಹೆಬ್ಬೆರಳ ಉಗುರಿನಷ್ಟೇ ಕಾಣುವುದರಿಂದ ಮೂರು ಪದಗಳಿಗಿಂತ ಹೆಚ್ಚು ಬರೆಯಬೇಡಿ.

ಹಿನ್ನೆಲೆಗೆ ಸಿನಿಮಾ ಹಾಡು ಹಾಕಬೇಡಿ. ಇಷ್ಟು ಸೆಕೆಂಡುಗಳವರೆಗೆ ಹಾಕಬಹುದೆಂಬ ನಿಯಮ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಕೈವಾರ ತಾತಯ್ಯನವರ ತತ್ತ್ವಪದಗಳಂಥ ಹಳೆಯ ರಚನೆಗಳ ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಆದರೆ ಇತ್ತೀಚೆಗೆ ಯಾರೋ ಹಾಡಿದ ಧ್ವನಿಮುದ್ರಿಕೆಗೆ ಅವರ ಹಕ್ಕಿದೆ; ಊರಿನ ಭಜನೆ ಮಂಡಳಿಯವರನ್ನು ಕೇಳಿ, ಅವರಿಂದಲೇ ಹಾಡಿಸಿ ಮುದ್ರಿಸಿಕೊಳ್ಳಿ. ಸಂದರ್ಶನ ಕೊಡುವವರ ಒಪ್ಪಿಗೆಯನ್ನೂ ಮಾತಿನ ಆರಂಭದಲ್ಲೇ ಅವರ ಧ್ವನಿಯಲ್ಲಿ ಮುದ್ರಿಸಿಟ್ಟುಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ತೆಲುಗು ಬೆರೆತ ಕನ್ನಡದ ಬಗ್ಗೆ ನಿಮಗಿರುವ ಅಳುಕು. ನನಗೂ ಅದಿತ್ತು. ಮುಳಬಾಗಿಲು ಕಡೆಯ ಒಬ್ಬ ಹಿರಿಯ ನೀರುಗಂಟಿಯವರ ಸಂದರ್ಶನದಲ್ಲಿ ತೆಲುಗು ಬಂದ ಕಡೆಯೆಲ್ಲ ಕತ್ತರಿಸಿ, ನಲವತ್ತು ನಿಮಿಷಗಳ ಮಾತನ್ನು ಇಪ್ಪತ್ತಾರಕ್ಕೆ ಇಳಿಸಿ ಪ್ರಕಟಿಸಿದೆ. ಎರಡು ದಿನಗಳ ನಂತರ ಅವರ ಮಗಳು ಫೋನ್ ಮಾಡಿ, ‘ಅಣ್ಣಾ, ಚೆನ್ನಾಗಿದೆ, ಆದರೆ ನಮ್ಮಪ್ಪ ಹೀಗೆ ಮಾತಾಡಲ್ಲವಲ್ಲ’ ಎಂದರು. ಮೂಲ ಧ್ವನಿ ನನ್ನ ಬಳಿಯೇ ಇದ್ದುದರಿಂದ ಆ ರಾತ್ರಿಯೇ ಕುಳಿತು ಮತ್ತೆ ಸಂಕಲಿಸಿದೆ. ತೆಲುಗಿನ ಮಾತುಗಳನ್ನು ಹಾಗೆಯೇ ಉಳಿಸಿ, ಅರ್ಥವಾಗಲಾರದೆನಿಸಿದ ಎರಡು ಕಡೆ ಮಾತ್ರ ನನ್ನ ಧ್ವನಿಯಲ್ಲಿ ಒಂದೊಂದು ಸಾಲಿನ ವಿವರಣೆ ಸೇರಿಸಿದೆ. ಫೀಡ್‌ನಲ್ಲಿ ಗುರುತು ಸಂಖ್ಯೆಯನ್ನು ಬದಲಿಸದೆ ಹಳೆಯ ಫೈಲಿನ ಜಾಗಕ್ಕೆ ಹೊಸದನ್ನು ಇಟ್ಟೆ, ಆಮೇಲೆ ಕೇಳಿದವರಿಗೆಲ್ಲ ಅವರ ನಿಜವಾದ ಮಾತೇ ಸಿಕ್ಕಿತು. ಯೂಟ್ಯೂಬಿನಲ್ಲಿದ್ದ ಪ್ರತಿ ಮಾತ್ರ ತಾನಾಗಿ ಬದಲಾಗಲಿಲ್ಲ. ಅಲ್ಲಿಗೆ ನಾನೇ ಹೋಗಿ ಮತ್ತೆ ಏರಿಸಬೇಕಾಯಿತು.