ಆ ಮೂರನೇ ಬೈಕಿಗೆ ಲೈಟ್ ಇರಲಿಲ್ಲವಲ್ಲ?

ಓದುಗರ ಪತ್ರ: ‘ನಿಲ್ಲಿಸಿದ್ದ ಬೈಕ್ ರಾತ್ರಿ ಹೊತ್ತಿ ಉರಿದ ಬಗ್ಗೆ ಕಳೆದ ಸಂಚಿಕೆಯಲ್ಲಿ ನೀವು ಬರೆದಿದ್ದನ್ನು ಓದಿದೆ. ಎಲ್ಲದಕ್ಕೂ ಕಂಪನಿಯನ್ನೇ ದೂರಿದ್ದೀರಿ. ನಾನು 22 ವರ್ಷದಿಂದ ಮೆಕ್ಯಾನಿಕ್. ಜನ ಸಿಕ್ಕಸಿಕ್ಕಲ್ಲಿ ವೈರ್ ಕತ್ತರಿಸಿ ಲೈಟ್ ಹಾಕಿಸುತ್ತಾರೆ. ಫ್ಯೂಸ್ ಹೋದರೆ ತಂತಿ ಸುತ್ತುತ್ತಾರೆ. ಬಿರುಕು ಬಿಟ್ಟ ಪೆಟ್ರೋಲ್ ಪೈಪ್ ಬದಲಿಸಿ ಅಂದರೆ ಮುಂದಿನ ಸಲ ನೋಡೋಣ ಅನ್ನುತ್ತಾರೆ. ಬೆಂಕಿ ಬಿದ್ದ ಮೇಲೆ ಕಂಪನಿಗೆ ಬೈಯುತ್ತಾರೆ. ಈ ವರ್ಷ, ಕರೆಂಟ್ ತಯಾರಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ಅದನ್ನು ಬ್ಯಾಟರಿಗೆ ಹೊಂದಿಸುವ ರೆಕ್ಟಿಫೈಯರ್‌ಗೆ ಹೋಗುವ ವೈರ್ ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಕರಗಿದ 3 ಬೈಕ್ ನನ್ನಲ್ಲಿಗೆ ಬಂದವು, ಮೂರೂ ಒಂದೇ ಮಾಡೆಲ್. ಅದರಲ್ಲಿ ಇಬ್ಬರು ಹೊರಗಿನ ಲೈಟ್ ಹಾಕಿಸಿದ್ದರು. ಮೊದಲು ಸವಾರರಿಗೆ ಬುದ್ಧಿ ಹೇಳಿ.’

ಸಂಪಾದಕರ ಉತ್ತರ:

ಸವಾರರಿಗೆ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವ ದ್ರವ. ಆ ಆವಿ ಗಾಳಿಗಿಂತ ಭಾರ, ಹಾಗಾಗಿ ಮೇಲೆ ಹಾರಿಹೋಗದೆ ಎಂಜಿನ್ನಿನ ಸಂದಿಯಲ್ಲಿ, ನೆಲದ ಮಟ್ಟದಲ್ಲಿ ಕೂತಿರುತ್ತದೆ. ಅಲ್ಲಿಂದ ಗೇಣು ದೂರದಲ್ಲೇ ಎಂಜಿನ್ ಹೊಗೆ ಸಾಗುವ ಕಾದ ಬೆಂಡ್ ಪೈಪ್ ಇರುತ್ತದೆ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿದವರು ವೈರಿಂಗನ್ನೇ ಫ್ಯೂಸ್ ಮಾಡಿಕೊಂಡ ಹಾಗೆ, ಮುಂದೆ ಸುಡುವುದು ಅದೇ. ನಿಮ್ಮ ಈ ಮಾತಿನಲ್ಲಿ ತಕರಾರಿಲ್ಲ.

ಆದರೆ ಆ ಮೂರು ಕಪ್ಲರ್‌ಗಳನ್ನು ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಇಬ್ಬರು ಲೈಟ್ ಹಾಕಿಸಿದ್ದರು, ಸರಿ. ಮೂರನೆಯವರು? ಅವರು ಏನೂ ಹಾಕಿಸಿರಲಿಲ್ಲ ಎಂದು ತಾನೆ ಅರ್ಥ? ಅವರ ಕಪ್ಲರ್ ಯಾಕೆ ಕರಗಿತು?

ನಿಮಗೆ ಗೊತ್ತಿರುವ ವಿಷಯವನ್ನೇ ನೆನಪಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಬಹಳಷ್ಟು ಬೈಕ್‌ಗಳಲ್ಲಿ ರೆಕ್ಟಿಫೈಯರ್ ಜೊತೆ ಒಂದೇ ಡಬ್ಬಿಯಲ್ಲಿರುವುದು ಶಂಟ್ ಮಾದರಿಯ ರೆಗ್ಯುಲೇಟರ್, ಅಂದರೆ ವೋಲ್ಟೇಜ್ ಮಿತಿ ಮೀರದಂತೆ ನೋಡಿಕೊಳ್ಳುವ ಭಾಗ. ಎಂಜಿನ್ ತಿರುಗುವಷ್ಟು ಹೊತ್ತೂ ಮ್ಯಾಗ್ನೆಟ್ ಕಾಯಿಲ್ ಕರೆಂಟ್ ತಯಾರಿಸುತ್ತಲೇ ಇರುತ್ತದೆ. ಬ್ಯಾಟರಿಗೂ ಲೈಟಿಗೂ ಸಾಕಾಗಿ ಉಳಿದದ್ದನ್ನು ಈ ರೆಗ್ಯುಲೇಟರ್ ಕಾಯಿಲ್ಲಿಗೇ ಶಾರ್ಟ್ ಮಾಡಿ ಶಾಖವಾಗಿ ಕಳೆಯುತ್ತದೆ. ಅಂದರೆ ಕಾಯಿಲ್ ಕಡೆಯ ಕಪ್ಲರ್‌ನಲ್ಲಿ, ನೀವು ಲೈಟ್ ಹಾಕಿಸಿದರೂ ಹಾಕಿಸದಿದ್ದರೂ, ಹೆಚ್ಚುಕಡಿಮೆ ಪೂರ್ತಿ ಕರೆಂಟ್ ಹರಿಯುತ್ತಿರುತ್ತದೆ. ಅಲ್ಲಿ ಒಂದು ಪಿನ್ ಸಡಿಲವಿದ್ದರೆ, ತುಕ್ಕು ಹಿಡಿದಿದ್ದರೆ, ಇಲ್ಲವೇ ಆ ಕರೆಂಟಿಗೆ ಸಾಲದಷ್ಟು ಸಣ್ಣದಿದ್ದರೆ ಅದು ಕಾಯುತ್ತದೆ, ಪ್ಲಾಸ್ಟಿಕ್ ಕಂದಾಗುತ್ತದೆ, ಮೆತ್ತಗಾಗುತ್ತದೆ, ಪಕ್ಕದ ಪಿನ್ ತಾಗುತ್ತದೆ. ನೀವು ನೋಡಿದ ಮೂರೂ ಕಪ್ಲರ್‌ಗಳ ತಪ್ಪು ಲೈಟ್ ಹಾಕಿಸಿದವರದ್ದು ಎನ್ನುವುದು ನಿಮ್ಮ ಅನುಭವವೇ ಒಪ್ಪದ ಮಾತು. ಕಂಪನಿ ಹೇಳಿಕೊಟ್ಟ ಕಾರಣವನ್ನು ನೀವೂ ಹೇಳುತ್ತಿದ್ದೀರಿ. ನನಗೆ ನೋವಾದದ್ದು ಅಲ್ಲಿ.

ನನ್ನ ಬೈಕಿನ ಕಥೆ ಕೇಳಿ. ಕೊಂಡು ವರ್ಷವೂ ಆಗಿರಲಿಲ್ಲ, ನಿಲ್ಲಿಸಿದ ಕಡೆಯೆಲ್ಲ ಪೆಟ್ರೋಲ್ ವಾಸನೆ. ಕಂಪನಿಯದೇ ಸರ್ವಿಸ್ ಸೆಂಟರ್‌ಗೆ ಒಯ್ದೆ. ಜಾಬ್ ಕಾರ್ಡಿನಲ್ಲಿ ‘ಪೆಟ್ರೋಲ್ ವಾಸನೆ’ ಎಂದು ಬರೆದುಕೊಂಡರು. ಸಂಜೆ ‘ಪರೀಕ್ಷಿಸಲಾಗಿದೆ, ಸರಿಯಿದೆ’ ಎಂದು ಬರೆದು ಕೊಟ್ಟರು. ಎರಡನೇ ಸಲ ಹೋದಾಗ, ಟ್ಯಾಂಕ್ ಕಂಠಮಟ್ಟ ತುಂಬಿಸಬೇಡಿ ಎಂದರು. ಮೂರನೇ ಸಲ ಒಬ್ಬ ಹುಡುಗ ಟ್ಯಾಂಕ್ ಬಿಚ್ಚಿ ಓರೆಯಾಗಿ ಎತ್ತಿ ಹಿಡಿದು, ‘ಇಲ್ಲಿ ನೋಡಿ ಸರ್’ ಎಂದು ಟಾರ್ಚ್ ಬಿಟ್ಟ. ಪೆಟ್ರೋಲ್ ಪೈಪ್ ಒಂದು ಕಬ್ಬಿಣದ ಪಟ್ಟಿಯ ಅಂಚಿಗೆ ಒರಗಿತ್ತು. ಎಂಜಿನ್ ನಡುಗಿದಷ್ಟೂ ಆ ಅಂಚು ರಬ್ಬರನ್ನು ಗರಗಸದ ಹಾಗೆ ಕೊರೆದಿತ್ತು. ಕಪ್ಪು ರಬ್ಬರಿನ ಒಳಗಿನ ಬಿಳಿ ನೂಲು ಕಾಣುತ್ತಿತ್ತು, ನೂಲಿನ ಮೇಲೆ ಒಂದು ಹನಿ ನಿಂತಿತ್ತು. ಪಂಪ್ ಪೆಟ್ರೋಲನ್ನು ಒತ್ತಿ ಕಳಿಸುವ ಇಂಜೆಕ್ಷನ್ ಬೈಕು, ಆ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ. ಪೂರ್ತಿ ತೂತಾಗಿದ್ದರೆ ತೊಟ್ಟಿಕ್ಕುತ್ತಿರಲಿಲ್ಲ, ಕಾದ ಎಂಜಿನ್ ಮೇಲೆ ಚಿಮ್ಮುತ್ತಿತ್ತು.

ಆ ಹುಡುಗ ದನಿ ತಗ್ಗಿಸಿ, ‘ಇದು ಐದನೇದು ಸರ್’ ಎಂದ. ಬಿಲ್ಲಿನಲ್ಲಿ ಮಾತ್ರ ‘ಪೈಪ್ ಬದಲಾವಣೆ’ ಎಂದಷ್ಟೇ ಇತ್ತು. ಮರುವರ್ಷ ಪರಿಚಿತರೊಬ್ಬರು ಅದೇ ಮಾಡೆಲ್ ಕೊಂಡರು. ನಾನು ಬಗ್ಗಿ ಟ್ಯಾಂಕಿನ ಕೆಳಗೆ ನೋಡಿದೆ. ಅದೇ ಜಾಗದಲ್ಲಿ ಪೈಪಿಗೊಂದು ರಬ್ಬರ್ ತೋಳು, ಪಟ್ಟಿಗೆ ತಾಗದಂತೆ ಹಿಡಿದಿಡಲು ಒಂದು ಕ್ಲಿಪ್, ಎರಡೂ ಕಾರ್ಖಾನೆಯಿಂದಲೇ ಬಂದವು. ಅಂದರೆ ಅವರಿಗೆ ಗೊತ್ತಾಗಿತ್ತು. ಮೊದಲೇ ಕೊಂಡಿದ್ದ ನಮಗೆ ಒಂದು ಸಾಲಿನ ಕಾಗದವೂ ಬರಲಿಲ್ಲ.

ಸದ್ದಿಲ್ಲದೆ ಸರಿಪಡಿಸುವ ಈ ಚಾಳಿಯನ್ನು ನನ್ನಿಂದ ಸಹಿಸಲು ಆಗುವುದಿಲ್ಲ. ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ (ಕೀಲಿ ತಿರುಗಿಸುವ ಸ್ವಿಚ್) ಪ್ರಕರಣ ನಿಮಗೆ ನೆನಪಿರಬಹುದು. ಸ್ವಿಚ್ ಸಡಿಲ, ಕಾರು ಓಡುತ್ತಿರುವಾಗಲೇ ಜಾರಿ ಆಫ್ ಆಗುತ್ತಿತ್ತು, ಅಪಘಾತವಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಿರಲಿಲ್ಲ. 2006ರಲ್ಲಿ ಆ ಭಾಗವನ್ನು ಬದಲಿಸಿದರು, ಪಾರ್ಟ್ ನಂಬರ್ ಮಾತ್ರ ಹಳೆಯದನ್ನೇ ಉಳಿಸಿಕೊಂಡರು. ಮೆಕ್ಯಾನಿಕ್ ಆದ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಳೆಯದು ಯಾವುದು, ಹೊಸದು ಯಾವುದು ಎಂದು ಹೊರಗಿನವರಿಗೆ ತಿಳಿಯುವ ದಾರಿಯೇ ಮುಚ್ಚಿತು. 2014ರಲ್ಲಿ ಕೊನೆಗೂ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆದರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಜಪಾನಿನ ಮಿತ್ಸುಬಿಷಿ ಮೋಟರ್ಸ್‌ನದು ಇನ್ನೊಂದು ಬಗೆ. ಗ್ರಾಹಕರ ದೂರುಗಳನ್ನು 1977ರಿಂದಲೂ ಸರ್ಕಾರದ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟಿದ್ದದ್ದು 2000ದಲ್ಲಿ ಬಯಲಾಯಿತು. ಕಾಗದಗಳು ಸಿಬ್ಬಂದಿಯ ಲಾಕರ್ ಕೋಣೆಯಲ್ಲಿದ್ದವು. ಜನ ನಂಬಿ ಬರೆದ ದೂರುಗಳು ಬಟ್ಟೆ ಬದಲಿಸುವ ಕೋಣೆಯಲ್ಲಿ!

ಸವಾರನಿಗೆ ಕಾಣುವುದು ಒಂದೇ ಬೆಂಕಿ, ತನ್ನದು. ನಿಮಗೆ ಕಂಡದ್ದು ಮೂರು ಕಪ್ಲರ್. ಆ ಹುಡುಗನಿಗೆ ಐದು ಪೈಪ್. ಎಲ್ಲ ಬೆಂಕಿಯನ್ನೂ ಒಟ್ಟಿಗೆ ನೋಡುವ ಜಾಗದಲ್ಲಿ ಕೂತವರು ತಯಾರಕರು ಮಾತ್ರ. ನಕ್ಷೆ ಅವರ ಬಳಿ, ಬಿಡಿಭಾಗ ಪೂರೈಸಿದವರ ಪಟ್ಟಿ ಅವರ ಬಳಿ, ವಾರಂಟಿಗೆ ಬಂದ ಜಾಬ್ ಕಾರ್ಡುಗಳೆಲ್ಲ ಅವರ ಬಳಿ. ಇಷ್ಟೆಲ್ಲ ಇಟ್ಟುಕೊಂಡವರು, ಬೂದಿ ಹಿಡಿದು ನಿಂತವರ ಹತ್ತಿರ ‘ದೋಷ ನಮ್ಮದೆಂದು ಸಾಬೀತುಪಡಿಸಿ’ ಎನ್ನುವುದು ಅನ್ಯಾಯ.

ಕಾನೂನು ಇದನ್ನು ಎಂದೋ ಕಂಡುಕೊಂಡಿದೆ. 1863ರ ಇಂಗ್ಲೆಂಡಿನ ಒಂದು ಮೊಕದ್ದಮೆ ನನಗೆ ಬಹಳ ಅಚ್ಚುಮೆಚ್ಚು. ಬೀದಿಯಲ್ಲಿ ನಡೆದು ಹೋಗುತ್ತಿದ್ದ ಬರ್ನ್ ಎಂಬುವರ ಮೇಲೆ ಬೋಡಲ್ ಎಂಬ ವ್ಯಾಪಾರಿಯ ಅಂಗಡಿಯ ಮೇಲಿನಿಂದ ಹಿಟ್ಟಿನ ಪೀಪಾಯಿ ಬಿತ್ತು. ಯಾರ ಅಜಾಗರೂಕತೆ ಎನ್ನುವುದಕ್ಕೆ ಸಾಕ್ಷಿ ಇರಲಿಲ್ಲ. ಪೀಪಾಯಿ ತಾನಾಗಿ ಉರುಳಿ ಬರುವುದಿಲ್ಲ, ಅದು ಇದ್ದದ್ದು ಅಂಗಡಿಯವನ ಸುಪರ್ದಿಯಲ್ಲಿ, ಹಾಗಾಗಿ ವಿವರಣೆ ಕೊಡಬೇಕಾದವನು ಅವನೇ ಎಂದಿತು ನ್ಯಾಯಾಲಯ. 1916ರಲ್ಲಿ ನ್ಯೂಯಾರ್ಕಿನ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಬ್ಯುಯಿಕ್ ಕಂಪನಿಯ ವಿರುದ್ಧ ಕೊಟ್ಟ ತೀರ್ಪು ಇದಕ್ಕಿಂತ ಹತ್ತಿರದ್ದು. ಕಾರಿನ ಮರದ ಚಕ್ರದ ಕಡ್ಡಿಗಳು ಪುಡಿಯಾಗಿ ಮ್ಯಾಕ್‌ಫರ್ಸನ್ ಎಂಬ ಮಾಲೀಕರು ಗಾಯಗೊಂಡಿದ್ದರು. ಕಾರು ಮಾರಿದ್ದು ಡೀಲರ್‌ಗೆ, ಚಕ್ರ ಮಾಡಿದ್ದು ಬೇರೆಯವರು, ನಮಗೇನು ಸಂಬಂಧ ಎಂದಿತು ಕಂಪನಿ. ಪರೀಕ್ಷಿಸಿ ನೋಡುವ ಹೊಣೆ ನಿಮ್ಮದಾಗಿತ್ತು ಎಂದರು ಕಾರ್ಡೋಜೊ. ‘ಆ ಕಪ್ಲರ್ ನಮ್ಮದಲ್ಲ, ಪೂರೈಕೆದಾರರದ್ದು’ ಎಂಬ ಮಾತಿಗೆ ನೂರು ವರ್ಷ ಹಿಂದೆಯೇ ಉತ್ತರ ಸಿಕ್ಕಿದೆ. ಯುರೋಪಿಯನ್ ಒಕ್ಕೂಟ 2024ರಲ್ಲಿ ತಂದ ಹೊಸ ನಿಯಮ ಇನ್ನೂ ಮುಂದೆ ಹೋಗುತ್ತದೆ. ನ್ಯಾಯಾಲಯ ಕೇಳಿದ ದಾಖಲೆಯನ್ನು ತಯಾರಕರು ಒದಗಿಸದಿದ್ದರೆ ದೋಷ ಇದೆಯೆಂದೇ ಭಾವಿಸಲು ಅಲ್ಲಿ ಅವಕಾಶವಿದೆ.

ಬ್ಯಾಟರಿ ಬೈಕ್‌ಗಳು ಬಂದ ಮೇಲಂತೂ ಈ ಮಾತು ಇನ್ನಷ್ಟು ತುರ್ತಿನದು. ಪೆಟ್ರೋಲ್ ಪೈಪನ್ನು ಟಾರ್ಚ್ ಹಿಡಿದು ನೋಡಬಹುದು. ಲಿಥಿಯಂ ಸೆಲ್‌ನ ಒಳಗೆ ಯಾರು ನೋಡಬಲ್ಲರು? ಷೆವ್ರೊಲೆ ಬೋಲ್ಟ್ ಎಂಬ ಬ್ಯಾಟರಿ ಕಾರುಗಳಿಗೆ ಬೆಂಕಿ ಬಿದ್ದಾಗ ಕೊನೆಗೆ ಸಿಕ್ಕ ಕಾರಣ ಇದು: ಒಂದೇ ಸೆಲ್‌ನಲ್ಲಿ ಆನೋಡ್ ಎಂಬ ಪದರದ ತಗಡಿನ ತುದಿ ಹರಿದಿದ್ದು, ಎರಡು ಪದರಗಳನ್ನು ಬೇರ್ಪಡಿಸುವ ಹಾಳೆಯೂ ಮಡಚಿಕೊಂಡಿದ್ದರೆ ಬೆಂಕಿಯ ಅಪಾಯ. ಸುಟ್ಟ ಒಂದು ಗಾಡಿ ಇಟ್ಟುಕೊಂಡ ಮಾಲೀಕರಿಗೆ ಈ ಜನ್ಮದಲ್ಲಿ ಅದು ಸಿಗುತ್ತಿರಲಿಲ್ಲ. ಅಂಥವರಿಗೆ ‘ಚಾರ್ಜರ್ ಸರಿಯಾಗಿ ಬಳಸಲಿಲ್ಲ’ ಎಂದು ಬರೆದು ಕಳಿಸಿದರೆ ಅವರು ಏನು ಮಾಡಬೇಕು?

ನಮ್ಮ ಪತ್ರಿಕಾ ವೃತ್ತಿಯ ಮೇಲೂ ನನಗೆ ಸಿಟ್ಟಿದೆ. ‘ಆಕಸ್ಮಿಕವಾಗಿ ಬೆಂಕಿ ತಗುಲಿ ಬೈಕ್ ಬೆಂಕಿಗಾಹುತಿ’ ಎಂದು ಎಷ್ಟು ಸಲ ಅಚ್ಚು ಹಾಕಿದ್ದೇವೆ! ತನಿಖೆ ಶುರುವಾಗುವ ಮೊದಲೇ ಆಕಸ್ಮಿಕ ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಆಹುತಿ ಎಂದರೆ ಯಾರೋ ಕೈಯಾರೆ ಬೆಂಕಿಗೆ ಹಾಕಿದ್ದು. ಯಾರು ಹಾಕಿದರು ಎಂದು ಮಾತ್ರ ಕೇಳುವುದಿಲ್ಲ. ಈ ಎರಡು ಪದಗಳನ್ನು ಇನ್ನು ಮುಂದೆ ನಮ್ಮ ಪತ್ರಿಕೆಯ ಬೈಕ್ ಸುದ್ದಿಯಲ್ಲಿ ಬಳಸಬಾರದೆಂದು ಸಿಬ್ಬಂದಿಗೆ ಹೇಳಿದ್ದೇನೆ. ಸುಟ್ಟದ್ದು ಯಾವ ಕಂಪನಿಯ ಯಾವ ಮಾಡೆಲ್, ಎಷ್ಟು ಹಳೆಯದು, ಬೆಂಕಿ ಮೊದಲು ಕಂಡದ್ದು ಸೀಟಿನ ಕೆಳಗೋ ಎಂಜಿನ್ ಪಕ್ಕದಲ್ಲೋ ಹ್ಯಾಂಡಲ್ ಬುಡದಲ್ಲೋ, ಇಷ್ಟನ್ನಾದರೂ ಬರೆಯಬೇಕು. ಮಾಡೆಲ್ ಹೆಸರು ಬಿಟ್ಟ ಸುದ್ದಿಯಿಂದ, ಅದೇ ಬೈಕ್ ಮನೆಯಲ್ಲಿಟ್ಟುಕೊಂಡವರಿಗೆ ಏನೂ ತಿಳಿಯುವುದಿಲ್ಲ.

ನೀವು ಕೇಳಿದ ಬುದ್ಧಿಮಾತನ್ನೂ ಸವಾರರಿಗೆ ಹೇಳುತ್ತೇನೆ, ಸ್ವಲ್ಪ ಬೇರೆ ಥರ. ಪೆಟ್ರೋಲ್ ವಾಸನೆ ಬಂದರೆ ಓಡಿಸಬೇಡಿ. ದೂರನ್ನು ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಬೈಕ್ ಸುಟ್ಟರೆ, ತಜ್ಞರು ನೋಡಿ ಫೋಟೊ ತೆಗೆಯುವ ಮೊದಲು ಅದನ್ನು ಯಾರ ಕೈಗೂ ಒಪ್ಪಿಸಬೇಡಿ. ಕಂಪನಿಯವರು ‘ಪರಿಶೀಲನೆಗೆ’ ಒಯ್ದ ಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಬೀಗದ ಕೈ ಮಾತ್ರ.

ನಿಮ್ಮಲ್ಲಿ ಒಂದು ಕೋರಿಕೆ. ಆ 3 ಬೈಕ್‌ಗಳ ಮಾಡೆಲ್, ತಯಾರಾದ ತಿಂಗಳು, ಓಡಿದ ಕಿಲೋಮೀಟರ್, ಕಪ್ಲರ್‌ನ ಯಾವ ಪಿನ್ ಮೊದಲು ಸುಟ್ಟಿತ್ತು ಎಂಬುದನ್ನು ಬರೆದು ಕಳಿಸಿ. ಲೈಟ್ ಇಲ್ಲದ ಆ ಮೂರನೆಯದರ ವಿವರ ಸ್ವಲ್ಪ ಹೆಚ್ಚೇ ಇರಲಿ. ಬಿಚ್ಚಿ ಹಾಕಿದ ಕಪ್ಲರ್‌ಗಳು ಇನ್ನೂ ಗುಜರಿ ಡಬ್ಬಿಯಲ್ಲಿದ್ದರೆ ಎಸೆಯಬೇಡಿ. ವೈರಿನ ತುಂಡಿನ ಸಮೇತ ಒಂದೊಂದನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆದಿಡಿ.