ಕಿಮೋಥೆರಪಿಯ ನಡುವೆ ನಾಲಿಗೆ ಬೆಳ್ಳಗಾದರೆ

ಪ್ರಶ್ನೆ: ಎರಡನೇ ಸುತ್ತಿನ ಕಿಮೋಥೆರಪಿಯ ನಂತರ ಅಮ್ಮನ ನಾಲಿಗೆ ಮತ್ತು ಕೆನ್ನೆಯ ಒಳಭಾಗ ಬೆಳ್ಳಗಾಗಿದೆ. ಕಳೆದ ಸಲ ಉಳಿದ, ಫಂಗಸ್ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಮಾತ್ರೆಗಳನ್ನೇ ಕೊಡಬಹುದೇ?

ಉತ್ತರ: ಕೊಡಬೇಡಿ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಅದೂ ಹೆಚ್ಚಿನ ಸಲ ಮಾತ್ರೆ ಕೊಟ್ಟು ಗುಣ ಕಾಣದೆ ಹೋದ ಮೇಲೆ. ಬಾಯಲ್ಲಿ ಬೆಳ್ಳಗೆ ಕಂಡದ್ದೆಲ್ಲ ಫಂಗಸ್ ಅಲ್ಲ. ಕ್ಯಾಂಡಿಡಾ ಎಂಬ ಫಂಗಸ್ಸಿನ ಬಿಳಿ ಪದರ ಸಾಮಾನ್ಯವಾಗಿ ಒರೆಸಿದರೆ ಎದ್ದು ಬರುತ್ತದೆ, ಅಡಿಯಲ್ಲಿ ಕೆಂಪಾದ ಮೇಲ್ಮೈ ಕಾಣುತ್ತದೆ. ಆದರೆ ಕಿಮೋಥೆರಪಿಯಿಂದಾದ ಹುಣ್ಣಿನ ಮೇಲೂ ಬಿಳಿ ಪೊರೆ ಕಟ್ಟುತ್ತದೆ, ಹರ್ಪಿಸ್ ವೈರಸ್ಸಿನ ಹುಣ್ಣನ್ನೂ ಕಣ್ಣಳತೆಯಲ್ಲೇ ಬೇರ್ಪಡಿಸುವುದು ಕಷ್ಟ, ಇನ್ನು ಕ್ಯಾಂಡಿಡಾ ಸೋಂಕೇ ಬಿಳಿಯ ಸುಳಿವಿಲ್ಲದೆ ಬರಿಯ ಕೆಂಪು ಮತ್ತು ಉರಿಯಾಗಿ ಕಾಣಿಸಿಕೊಳ್ಳುವುದೂ ಉಂಟು. ಪರೀಕ್ಷಿಸಲೆಂದು ನೀವೇ ಕೆರೆಯಬೇಡಿ. ಪ್ಲೇಟ್‌ಲೆಟ್ ಕಡಿಮೆಯಿದ್ದಾಗ ಸಣ್ಣ ಗಾಯದ ರಕ್ತವೂ ಬೇಗ ನಿಲ್ಲುವುದಿಲ್ಲ.

ನಿಜಕ್ಕೂ ಫಂಗಸ್ ಆಗಿದ್ದರೂ ಅದರಲ್ಲಿ ಕ್ಯಾಂಡಿಡಾ ಕ್ರುಸೈ ಎಂಬ ಬಗೆ ಈ ಮಾತ್ರೆಗೆ ಬಗ್ಗುವುದಿಲ್ಲ, ಕ್ಯಾಂಡಿಡಾ ಗ್ಲಾಬ್ರಾಟಾ ಹಲವು ಸಲ ಬಗ್ಗುವುದಿಲ್ಲ. ಅದಲ್ಲದೆ ಫ್ಲುಕೊನಜೋಲ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಲ್ಲದು, ಕಿಮೋ ಔಷಧವಾದ ವಿನ್‌ಕ್ರಿಸ್ಟಿನ್‌ನಿಂದ ನರಗಳಿಗಾಗುವ ಹಾನಿಯನ್ನೂ ಹೆಚ್ಚಿಸಬಲ್ಲದು. ಆದ್ದರಿಂದ ಯಾವ ಔಷಧ, ಎಷ್ಟು ದಿನ ಎಂಬುದನ್ನು ಚಿಕಿತ್ಸೆಯ ಪೂರ್ತಿ ಪಟ್ಟಿ ಬಲ್ಲ ವೈದ್ಯರೇ ಹೇಳಬೇಕು. ಅವರು ಫಂಗಸ್ ಕೊಲ್ಲುವ ನಿಸ್ಟಾಟಿನ್ ದ್ರಾವಣ ಬರೆದುಕೊಟ್ಟರೆ ಗುಟುಕರಿಸಿ ಮುಗಿಸದೆ ಸಾಧ್ಯವಾದಷ್ಟು ಹೊತ್ತು ಬಾಯಲ್ಲಾಡಿಸಿ; ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಅದನ್ನು ನಿಷ್ಫಲಗೊಳಿಸುವುದರಿಂದ ಎರಡನ್ನೂ ಒಟ್ಟಿಗೆ ಬಳಸಬೇಡಿ. ಕಟ್ಟಿದ ಹಲ್ಲಿನ ಸೆಟ್ ಇದ್ದರೆ ಅದನ್ನು ರಾತ್ರಿ ತೆಗೆದು ಶುಚಿಗೊಳಿಸದ ಹೊರತು ಯಾವ ಔಷಧ ಹಾಕಿದರೂ ಸೋಂಕು ಮರಳುತ್ತದೆ.

ಬಿಳಿಯ ಬಗ್ಗೆ ಇಷ್ಟು ಗಾಬರಿಪಡುವವರು ಜ್ವರವನ್ನು ಕಡೆಗಣಿಸುವುದು ನನಗೆ ನಿಜವಾದ ಚಿಂತೆ. ಹಲವು ಕಿಮೋ ಔಷಧಗಳಲ್ಲಿ, ಕೊಟ್ಟ 7ರಿಂದ 14ನೇ ದಿನದ ನಡುವೆ ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ತೀರಾ ಕುಸಿಯುತ್ತವೆ, ಬಾಯಿಹುಣ್ಣೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ, ಆಗ ಬಾಯಲ್ಲಿ ನಿರುಪದ್ರವಿಯಾಗಿದ್ದ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಆ ಹುಣ್ಣಿನ ಮೂಲಕ ರಕ್ತ ಸೇರಬಲ್ಲದು. ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯದೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ಕ್ಯಾನ್ಸರ್ ಎಂದರೆ ಫಂಗಸ್ಸೇ, ಅಡುಗೆ ಸೋಡಾದಿಂದ ಗುಣವಾಗುತ್ತದೆ ಎನ್ನುತ್ತಾರಲ್ಲ?

ಉತ್ತರ: ಸುಳ್ಳು, ಮತ್ತು ಜೀವ ತೆಗೆಯುವ ಸುಳ್ಳು. ಒಂದು ಲೋಟ ಬೆಚ್ಚನೆಯ ನೀರಿಗೆ ಕಾಲು ಚಮಚ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರೆ ಹಿತವಾಗುತ್ತದೆ. ಅದರ ಕೆಲಸ ಅಷ್ಟೇ.

ಪ್ರಶ್ನೆ: ಪ್ರೋಬಯಾಟಿಕ್ ಕೊಡಬಹುದೇ?

ಉತ್ತರ: ರಕ್ತಕಣ ಕುಸಿದಿರುವಾಗ ಜೀವಂತ ಸೂಕ್ಷ್ಮಜೀವಿಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ಪ್ರಶ್ನೆ: ಗಂಟಲಿಗೆ ರೇಡಿಯೇಷನ್ ಶುರುವಾಗಲಿದೆ. ಹುಳುಕು ಹಲ್ಲನ್ನು ಆಮೇಲೆ ಕೀಳಿಸಿದರಾಯಿತೇ?

ಉತ್ತರ: ಇಲ್ಲ, ಮೊದಲೇ ದಂತವೈದ್ಯರಿಗೆ ತೋರಿಸಿ. ಕೀಳಬೇಕಾದ ಹಲ್ಲನ್ನು ರೇಡಿಯೇಷನ್‌ಗೆ ಸುಮಾರು ಎರಡು ವಾರ ಮುಂಚೆಯೇ ಕೀಳಿಸಿ ಗಾಯ ಮಾಯಲು ಬಿಡಬೇಕು, ಏಕೆಂದರೆ ರೇಡಿಯೇಷನ್ ಬಿದ್ದ ದವಡೆಯ ಮೂಳೆ ಆಮೇಲೆ ಮಾಯದೆ ಕೊಳೆಯಬಹುದು.