ಸಂಪಾದಕರ ಉತ್ತರ: ಪಾದ್ರಿ, ನೆರೆಮನೆಯವರು ಮತ್ತು ಸ್ಟಾಸಿಯ ಕಡತ

ಪ್ರಿಯ ಓದುಗರೆ,

ಪೂರ್ವ ಜರ್ಮನಿಯಲ್ಲಿ ಅಕ್ಕಪಕ್ಕದವರ ಮೇಲೆ ನಡೆಯುತ್ತಿದ್ದ ನಿಗಾ ಕುರಿತ ನಮ್ಮ ಲೇಖನಕ್ಕೆ ನೀವು ಬರೆದ ದೀರ್ಘ ಪತ್ರ ತಲುಪಿತು. ಉಳಿದ ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. 1989ರಲ್ಲಿ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಎದ್ದ ಜನರಿಗೆ ಬಾಗಿಲು ತೆರೆದ ಪ್ರಾಟೆಸ್ಟೆಂಟ್ ಚರ್ಚನ್ನು ಮಾಹಿತಿದಾರರ ಗೂಡು ಎಂಬಂತೆ ನಾವು ಚಿತ್ರಿಸಿದ್ದೇವೆ ಎಂಬುದು ನಿಮ್ಮ ನೋವು. ಅಲ್ಲಿನ ರಹಸ್ಯ ಪೊಲೀಸರು, ಅಂದರೆ ಸ್ಟಾಸಿ, ಬರೆದಿಟ್ಟ ಕಾಗದವನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ಕೆಲವರು ತಪ್ಪಿದ್ದರೂ ಕ್ಷಮಿಸಿ ಕಡತ ಮುಚ್ಚುವುದೇ ಕ್ರೈಸ್ತರಿಗೆ ತಕ್ಕದ್ದು ಎಂದೂ ಬರೆದಿದ್ದೀರಿ.

ಇದೇ ಜಗಳ ಆ ಚರ್ಚಿನ ಒಳಗೇ ವರ್ಷಗಟ್ಟಲೆ ನಡೆದಿದೆ. ನಿಮ್ಮ ಮಾತನ್ನು ಅಲ್ಲಿನ ಪಾದ್ರಿಗಳೇ ಆಡಿದ್ದಾರೆ, ಅದಕ್ಕೆ ಉತ್ತರ ಕೊಟ್ಟವರೂ ಪಾದ್ರಿಗಳೇ.

ಮೊದಲು ನೆರೆಹೊರೆಯ ವಿಷಯ. ಎಲ್ಲರೂ ಎಲ್ಲರ ಮೇಲೂ ಬೇಹು ನಡೆಸುತ್ತಿದ್ದರು ಎಂಬ ಚಿತ್ರ ನೋಡುಗರ ಮೈ ನಡುಗಿಸುತ್ತದೆ, ಆದರೆ ಲೆಕ್ಕಕ್ಕೆ ನಿಲ್ಲುವುದಿಲ್ಲ. 1989ರ ಹೊತ್ತಿಗೆ ಸ್ಟಾಸಿಯಲ್ಲಿ ಸಂಬಳಕ್ಕಿದ್ದವರು ಸುಮಾರು 91,000. ಗುಪ್ತನಾಮ ಕೊಟ್ಟು ನೋಂದಾಯಿಸಿಕೊಂಡ ಮಾಹಿತಿದಾರರು ಸುಮಾರು 1,89,000. ದೇಶದ ಜನಸಂಖ್ಯೆ ಸುಮಾರು ಒಂದು ಕೋಟಿ 64 ಲಕ್ಷ. ಅಂದರೆ ಸುಮಾರು ತೊಂಬತ್ತು ಜನರಲ್ಲಿ ಮಾಹಿತಿದಾರ ಒಬ್ಬ. ಆದರೂ ವಠಾರದಲ್ಲಿ ಯಾರು ಬಂದರು, ಯಾರು ಹೋದರು ಎಂಬುದೆಲ್ಲ ಸರ್ಕಾರಕ್ಕೆ ಗೊತ್ತಾಗುತ್ತಿತ್ತು, ಏಕೆಂದರೆ ಅದಕ್ಕೆ ಬೇಹುಗಾರರೇ ಬೇಕಿರಲಿಲ್ಲ. ಪ್ರತಿ ಕಟ್ಟಡಕ್ಕೂ ಒಂದು ಮನೆಪುಸ್ತಕವಿತ್ತು: ವಾಸಿಗಳ ಹೆಸರು, ಹುಟ್ಟಿದ ದಿನ, ಉದ್ಯೋಗ, ಬಂದ ದಿನ, ಬಿಟ್ಟ ದಿನ. ನೆಂಟರು ಮೂರು ದಿನಕ್ಕಿಂತ ಹೆಚ್ಚು ತಂಗಿದರೆ ಅದರಲ್ಲಿ ಬರೆಸಬೇಕು. ಪಶ್ಚಿಮದಿಂದ ಬಂದವರಾದರೆ 24 ಗಂಟೆಯೊಳಗೆ. ಪುಸ್ತಕ ಇಟ್ಟುಕೊಂಡವರು ಅದೇ ಕಟ್ಟಡದ ಒಬ್ಬ ನಿವಾಸಿ. ಆ ಬಡಾವಣೆಯ ಬೀಟ್ ಪೊಲೀಸ್ ಅಧಿಕಾರಿ ಬಂದಾಗ ಅದನ್ನು ತಿರುವಿ ನೋಡುತ್ತಿದ್ದ.

ಇದರ ಮೇಲಿನ ಪದರ, ಸ್ಟಾಸಿ ಅಧಿಕಾರಿ ಬಾಗಿಲು ತಟ್ಟಿ ವಿಚಾರಿಸುತ್ತಿದ್ದ ನೆರೆಯವರು. ಇವರಿಗೆ ಗುಪ್ತನಾಮವಿಲ್ಲ, ಸಹಿ ಮಾಡಿದ ಒಪ್ಪಂದವಿಲ್ಲ. ಬಂದವನು ಪೊಲೀಸ್ ಅಥವಾ ಯಾವುದೋ ಕಚೇರಿಯವನೆಂದು ಹೇಳಿಕೊಂಡಿರುವುದೂ ಉಂಟು. ಎದುರುಮನೆಯವರು ಪಶ್ಚಿಮದ ಟಿ.ವಿ. ನೋಡುತ್ತಾರೆಯೇ, ಭಾನುವಾರ ಎಲ್ಲಿಗೆ ಹೋಗುತ್ತಾರೆ, ಗಂಡಹೆಂಡಿರು ಹೇಗಿದ್ದಾರೆ ಎಂಬ ಪ್ರಶ್ನೆಗಳು. ಪಾದ್ರಿಯ ಮನೆಯಾದರೆ ಮುಂದೆ ನಿಂತ ಕಾರಿನ ನಂಬರೂ ಬೇಕು. ಉತ್ತರ ಕೊಟ್ಟ ಹೆಂಗಸಿಗೆ ತಾನು ಯಾರ ಕಡತಕ್ಕೆ ಸಾಲು ಸೇರಿಸಿದೆನೆಂಬುದು ಎಷ್ಟೋ ಸಲ ತಿಳಿದಿರಲಿಲ್ಲ. ಈಕೆಯನ್ನೂ, ಇಪ್ಪತ್ತು ವರ್ಷ ಗುಪ್ತವಾಗಿ ಅಧಿಕಾರಿಯನ್ನು ಭೇಟಿಯಾಗಿ ವರದಿ ಒಪ್ಪಿಸಿದವನನ್ನೂ ಒಂದೇ ಹೆಸರಿನಿಂದ ಕರೆದರೆ ಆಕೆಗೆ ಅನ್ಯಾಯ, ಅವನಿಗೆ ಅನುಕೂಲ.

ಕಡತ ಓದುವ ಕ್ರಮಕ್ಕೆ ಬರೋಣ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಸ್ಟಾಸಿ ಎರಡು ಕಾರ್ಡ್ ಸಂಗ್ರಹಗಳನ್ನು ಬೇರೆ ಬೇರೆ ಇಟ್ಟಿತ್ತು. ಎಫ್ 16ರಲ್ಲಿ ವ್ಯಕ್ತಿಯ ನಿಜ ಹೆಸರು ಮತ್ತು ಒಂದು ನೋಂದಣಿ ಸಂಖ್ಯೆ ಇರುತ್ತದೆ. ಕಾರ್ಡುಗಳನ್ನು ಉಚ್ಚಾರಣೆಯ ಪ್ರಕಾರ ಜೋಡಿಸಿದ್ದರಿಂದ ಮೈಯರ್ ಎಂಬ ಹೆಸರನ್ನು ನಾಲ್ಕು ರೀತಿ ಬರೆದರೂ ಕಾರ್ಡು ಒಂದೇ ಕಡೆ ಸಿಗುತ್ತದೆ. ಎಫ್ 22ರಲ್ಲಿ ಅದೇ ಸಂಖ್ಯೆಯ ಮುಂದೆ ಪ್ರಕರಣದ ಬಗೆ, ಗುಪ್ತನಾಮ, ಹೊಣೆಗಾರ ಅಧಿಕಾರಿ. ಎರಡನ್ನೂ ಕೂಡಿಸಿದ ಮೇಲೆಯೇ ಮೂಲ ಕಡತಕ್ಕೆ ಹೋಗಬಹುದು. ಹೆಚ್ಚಿನ ಎಡವಟ್ಟು ಇಲ್ಲೇ ಆಗುವುದು. ಎಫ್ 16ರಲ್ಲಿ ಹೆಸರು ಸಿಕ್ಕೊಡನೆ ‘ಮಾಹಿತಿದಾರ’ ಎಂದು ಕೂಗುವವರಿದ್ದಾರೆ. ಸ್ಟಾಸಿ ಬೆನ್ನು ಹತ್ತಿದ ಮನುಷ್ಯನ ಹೆಸರೂ ಅದೇ ಸಂಗ್ರಹದಲ್ಲಿರುತ್ತದೆ! ಇನ್ನು ಕೆಲವು ನೋಂದಣಿಗಳು ಪೂರ್ವಸಿದ್ಧತೆಯವು: ಅಧಿಕಾರಿ ಒಬ್ಬನನ್ನು ಸೆಳೆಯಬೇಕೆಂದು ಯೋಜನೆ ಹಾಕಿದ್ದಾನೆ, ಆ ಮನುಷ್ಯನಿಗೆ ಸುದ್ದಿಯೇ ಇಲ್ಲ.

ಮಾಹಿತಿದಾರನ ಕಡತದ ಮೊದಲ ಭಾಗ ಅವನ ಬಗ್ಗೆಯೇ ಇರುತ್ತದೆ: ನೇಮಕದ ಪ್ರಸ್ತಾವ, ಒಪ್ಪಿಗೆ ಪತ್ರ. ಎರಡನೆಯ ಭಾಗದಲ್ಲಿ ವರದಿಗಳು. ಒಪ್ಪಿಗೆ ಪತ್ರ ಇಲ್ಲದಿದ್ದರೆ ನಿರ್ದೋಷಿ ಎಂದು ತೀರ್ಮಾನಿಸುವಂತಿಲ್ಲ, ಚರ್ಚಿನವರ ವಿಷಯದಲ್ಲಂತೂ ಖಂಡಿತ ಇಲ್ಲ. ಸಹಿ ಕೇಳಿದರೆ ಬೆದರಿ ಹೋಗಬಹುದಾದವರಿಂದ ಬಾಯಿಮಾತಿನ ಒಪ್ಪಿಗೆ ಸಾಕು ಎಂದು ನಿಯಮವೇ ಅವಕಾಶ ಕೊಟ್ಟಿತ್ತು. ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಉಬ್ಬಿಸಿ ಬರೆದದ್ದುಂಟು, ನಿಮ್ಮ ಅನುಮಾನದಲ್ಲಿ ಅಷ್ಟು ನಿಜವಿದೆ. ಆದರೆ ಅದೇ ವರದಿಯ ಪ್ರತಿ ನಿಗಾಕ್ಕೆ ಒಳಗಾದವನ ಕಡತದಲ್ಲೂ ಸೇರಿರುತ್ತಿತ್ತು. ಅಂದು ಆ ಕೋಣೆಯಲ್ಲಿ ಯಾರಿದ್ದರು, ಆ ಮಾತು ಯಾರೆದುರು ಆಡಿದ್ದು ಎಂದು ಆತ ಹೇಳಬಲ್ಲ. ಎರಡು ಕಡತ ಪರಸ್ಪರ ತಾಳೆಯಾದಾಗ ಅಧಿಕಾರಿಯ ಉಬ್ಬರ ಬೇರೆಯಾಗಿ ಕಾಣುತ್ತದೆ. 1989ರ ಕೊನೆಯಲ್ಲಿ ಹರಿದು ಹಾಕಿದ ಕಾಗದ 15,000ಕ್ಕೂ ಹೆಚ್ಚು ಚೀಲಗಳಷ್ಟು ಸಿಕ್ಕಿತು. ಬರೀ ಸುಳ್ಳಾಗಿದ್ದರೆ ಅದನ್ನು ನಾಶಮಾಡಲು ಅಷ್ಟು ಅವಸರ ಯಾಕೆ?

ಚರ್ಚಿನ ಮೂವರನ್ನು ನೋಡಿ. ಮಾಗ್ಡೆಬುರ್ಗಿನ ಚರ್ಚ್ ಆಡಳಿತದ ಮುಖ್ಯಸ್ಥರಾಗಿದ್ದ ಡೆಟ್ಲೆಫ್ ಹಾಮರ್ 1991ರಲ್ಲಿ ತೀರಿಕೊಂಡರು. ಅವರು ಮಾಹಿತಿದಾರರಷ್ಟೇ ಅಲ್ಲ, ಚರ್ಚಿನೊಳಗೆ ಕೂರಿಸಿದ ಸ್ಟಾಸಿ ಅಧಿಕಾರಿಯೇ ಆಗಿದ್ದರು ಎಂಬುದು ಬಯಲಾಯಿತು. ವಕೀಲ ವುಲ್ಫ್‌ಗಾಂಗ್ ಶ್ನೂರ್ ಚರ್ಚ್ ವಲಯ ಪೂರ್ತಿ ನಂಬಿದ್ದ ಮನುಷ್ಯ. ಸೈನ್ಯಕ್ಕೆ ಸೇರಲು ಒಪ್ಪದ ಹುಡುಗರ ಪರ ವಾದಿಸುತ್ತಿದ್ದವರು. 1988ರ ಆರಂಭದಲ್ಲಿ ಬಂಧಿತರಾಗಿ ಕೊನೆಗೆ ದೇಶ ಬಿಡಬೇಕಾದ ಗಾಯಕ ಸ್ಟೆಫಾನ್ ಕ್ರಾವ್ಚಿಕ್ ಮತ್ತು ನಿರ್ದೇಶಕಿ ಫ್ರೇಯಾ ಕ್ಲೀರ್ ಅವರಿಗೂ ಇವರೇ ವಕೀಲರು. ಕಕ್ಷಿದಾರರು ಗುಟ್ಟಾಗಿ ಹೇಳಿದ್ದು ಸ್ಟಾಸಿಗೆ ಹೋಗುತ್ತಿತ್ತು. ಅದು ಬಯಲಾದ ಮೇಲೆ, 1990ರ ಮಾರ್ಚ್ 18ರ ಪೂರ್ವ ಜರ್ಮನಿಯ ಚುನಾವಣೆಗೆ ನಾಲ್ಕು ದಿನವಿರುವಾಗ, ತಾವು ಮುನ್ನಡೆಸುತ್ತಿದ್ದ ಹೊಸ ಪಕ್ಷದ ನಾಯಕತ್ವ ಬಿಟ್ಟರು.

ಮೂರನೆಯವರು ಮಾನ್ಫ್ರೆಡ್ ಸ್ಟೋಲ್ಪೆ. ನಿಮ್ಮ ಪತ್ರದ ಅರ್ಧ ಅವರ ಬಗ್ಗೆಯೇ ಇದೆ. ಚರ್ಚಿನ ಹಿರಿಯ ಕಾನೂನು ಅಧಿಕಾರಿ, 1990ರಿಂದ 2002ರವರೆಗೆ ಬ್ರಾಂಡೆನ್‌ಬುರ್ಗ್ ರಾಜ್ಯದ ಮುಖ್ಯಮಂತ್ರಿ. ಸ್ಟಾಸಿ ಅಧಿಕಾರಿಗಳನ್ನು ಭೇಟಿಯಾಗುತ್ತಿದ್ದೆ ಎಂದು 1992ರ ಜನವರಿಯಲ್ಲಿ ತಾವೇ ಹೇಳಿದರು. ಜೈಲಿನಲ್ಲಿದ್ದವರನ್ನು ಬಿಡಿಸಲು, ಚರ್ಚಿಗೆ ಜಾಗ ಉಳಿಸಲು ಮಾತಾಡಬೇಕಿತ್ತು, ತಮ್ಮನ್ನು ‘ಸೆಕ್ರೆಟೇರ್’ ಎಂಬ ಗುಪ್ತನಾಮದಲ್ಲಿ ಮಾಹಿತಿದಾರರೆಂದು ನೋಂದಾಯಿಸಿದ್ದು ಗೊತ್ತಿರಲಿಲ್ಲ ಎಂಬುದು ಅವರ ವಾದ. ಸ್ಟಾಸಿಯ ಅಳತೆಗೋಲಿನ ಪ್ರಕಾರ ಅವರು ಸುಮಾರು 20 ವರ್ಷ ಮುಖ್ಯ ಮಾಹಿತಿದಾರ ಎಂಬುದು ಸ್ಟಾಸಿಯ ಕಡತಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಚೇರಿಯ ಅಭಿಪ್ರಾಯ. ಮೂಲ ಕಡತ ಸಿಕ್ಕಿಲ್ಲ. ಅವರಿಂದ ಬಿಡುಗಡೆ ಪಡೆದವರು ಇಂದಿಗೂ ಕೃತಜ್ಞರು, ಅವರನ್ನು ನಂಬಿ ಬಾಯಿಬಿಟ್ಟವರಲ್ಲಿ ಕೆಲವರ ಗಾಯ ಮಾಯ್ದಿಲ್ಲ. ನನ್ನ ಮಟ್ಟಿಗೆ ಆಕ್ಷೇಪ ಭೇಟಿಗಳ ಬಗ್ಗೆ ಅಲ್ಲ. ಆ ಭೇಟಿಗಳು ನಡೆಯುತ್ತಿದ್ದದ್ದು ಚರ್ಚಿನ ಸಹೋದ್ಯೋಗಿಗಳಿಗೆ ತಿಳಿದಿರಬೇಕಿತ್ತು. ಗುಟ್ಟಾಗಿ ಹೊತ್ತ ರಾಯಭಾರಕ್ಕೆ ಲೆಕ್ಕ ಕೇಳುವವರಿರುವುದಿಲ್ಲ.

ಕ್ಷಮೆಯ ಮಾತು ಉಳಿಯಿತು. ವಿಟೆನ್‌ಬರ್ಗಿನ ಪಾದ್ರಿ ಫ್ರೀಡ್ರಿಕ್ ಶೋರ್ಲೆಮ್ಮರ್ ಕಡತಗಳನ್ನು ಸುಟ್ಟುಬಿಡೋಣ ಎಂದಿದ್ದರು. ಅವರು ಹೇಡಿಯಲ್ಲ: 1983ರಲ್ಲಿ ಆ ಊರಿನ ಲೂಥರ್ ಮನೆಯ ಅಂಗಳದಲ್ಲಿ, ಬೈಬಲಿನ ಶಾಂತಿಯ ಮಾತಿನಂತೆ, ಕತ್ತಿಯನ್ನು ನೇಗಿಲಿನ ಗುಳವಾಗಿ ಬಡಿಸಿ ಆಡಳಿತವನ್ನು ಕೆಣಕಿದವರು. ರೋಸ್ಟೋಕಿನ ಪಾದ್ರಿ ಯೋಆಖಿಮ್ ಗೌಕ್ ಕಡತ ತೆರೆಯಲೇಬೇಕೆಂದರು, ಆ ಕಚೇರಿಯ ಮೊದಲ ಮುಖ್ಯಸ್ಥರೂ ಆದರು. 1991ರ ಡಿಸೆಂಬರಿನ ಕಾನೂನಿನಂತೆ 1992ರ ಜನವರಿ 2ರಿಂದ ಜನ ತಮ್ಮ ಕಡತ ತಾವೇ ಓದತೊಡಗಿದರು. ಪ್ರತಿಯಲ್ಲಿ ಬೇರೆ ಸಂತ್ರಸ್ತರ ಹೆಸರಿಗೆ ಮಸಿ ಬಳಿದಿರುತ್ತದೆ. ಗುಪ್ತನಾಮದ ಹಿಂದಿರುವವರ ನಿಜ ಹೆಸರು ಬೇಕಿದ್ದರೆ ಪ್ರತ್ಯೇಕ ಅರ್ಜಿ. ನಾವು ಗೌಕ್ ಪರ. ಕ್ಷಮಿಸುವ ಹಕ್ಕು ಗಾಯಗೊಂಡವರದು. ಯಾರನ್ನು, ಯಾವುದಕ್ಕಾಗಿ ಕ್ಷಮಿಸಬೇಕೆಂಬುದು ಅವರಿಗೆ ತಿಳಿಯಬೇಕು. ಕಡತ ಸುಟ್ಟಿದ್ದರೆ ಬಿಷಪ್ಪರೋ ಚರ್ಚಿನ ಸಭೆಯಾದ ಸಿನಡೋ ಅವರ ಪರವಾಗಿ ಕ್ಷಮಿಸಿದಂತಾಗುತ್ತಿತ್ತು.

ಚರ್ಚಿನ ಧೈರ್ಯವನ್ನು ನಾವು ಮರೆತಿಲ್ಲ. 1989ರ ಅಕ್ಟೋಬರ್ 9ರಂದು ಲೈಪ್‌ಜಿಗ್‌ನ ನಿಕೋಲಾಯ್ ಚರ್ಚಿನ ಪೀಠಗಳನ್ನು ಮೊದಲೇ ತುಂಬಲು ಆಳುವ ಕಮ್ಯುನಿಸ್ಟ್ ಪಕ್ಷ ಕಳಿಸಿದ್ದ ಸುಮಾರು 600 ಜನರನ್ನು ಪಾದ್ರಿ ಕ್ರಿಸ್ಟಿಯಾನ್ ಫ್ಯೂರರ್ ಹೊರಹಾಕಲಿಲ್ಲ. ಅವರೂ ಪ್ರಾರ್ಥನೆ ಕೇಳಿದರು. ಅಂದು ಸಂಜೆ ಬೀದಿಗಿಳಿದವರು ಸುಮಾರು 70,000.

ಇನ್ನು ಮುಂದೆಯೂ ನಮ್ಮ ಪುಟಗಳಲ್ಲಿ ಹಾಮರ್ ‘ಸ್ಟಾಸಿ ಅಧಿಕಾರಿ’, ಶ್ನೂರ್ ‘ಮಾಹಿತಿದಾರ’ ಎಂದೇ ಅಚ್ಚಾಗುತ್ತಾರೆ. ಸ್ಟೋಲ್ಪೆ ಬಗ್ಗೆ ಎರಡು ರೀತಿ ಅರ್ಥವಾಗುವ ಮಾತಾಡುವವರು ಮುಂದೆ ಅದನ್ನು ಸ್ಪಷ್ಟಪಡಿಸಬೇಕೆಂದು ಜರ್ಮನಿಯ ಸಂವಿಧಾನ ನ್ಯಾಯಾಲಯ 2005ರ ಅಕ್ಟೋಬರಿನಲ್ಲಿ ಹೇಳಿತು. ಹಾಗಾಗಿ ಅವರ ವಿಷಯದಲ್ಲಿ ‘ಸ್ಟಾಸಿ ಮಾಹಿತಿದಾರರೆಂದು ನೋಂದಾಯಿಸಿತ್ತು, ತಮಗೆ ತಿಳಿದಿರಲಿಲ್ಲ ಎಂದರು’ ಎಂಬ ಎರಡೂ ಭಾಗಗಳನ್ನು ಒಟ್ಟಿಗೇ ಬರೆಯುತ್ತೇವೆ. ನಿಮ್ಮ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತಿದ್ದೇವೆ.

— ಸಂಪಾದಕ